ಒಳಗಿನಿಂದ ಚಿಲಕ

ಮನೆ ಕಟ್ಟಿಸುವವನಿಗೆ ಊರೆಲ್ಲ ಬುದ್ಧಿ ಹೇಳುತ್ತದೆ ಎಂಬುದು ವೆಂಕಟಗಿರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸಂಪು ಯಾವ ಮೂಲೆಗೆ ಬರಬೇಕು, ಮೆಟ್ಟಿಲು ಎಡಕ್ಕೆ ತಿರುಗಬೇಕೋ ಬಲಕ್ಕೋ, ಮತ್ತಿಮರದ ಬಾಗಿಲು ಹಾಕಿಸಿ ಕೈ ಸುಟ್ಟುಕೊಂಡವರು ಯಾರು ಯಾರು ಎಂಬುದನ್ನೆಲ್ಲ ಕೇಳಿಸಿಕೊಳ್ಳಲು ಅವನು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಅವನ ಪಿತ್ತ ನೆತ್ತಿಗೇರಿಸಿದ್ದು ಬುದ್ಧಿವಾದವಲ್ಲ, ಒಂದು ಪುಟ್ಟ ಪ್ರಶ್ನೆ. "ಯಾಕೆ?" ಎಂಬ ಪ್ರಶ್ನೆ.

ಅದನ್ನು ಮೊದಲು ಕೇಳಿದ ಪಾಪಿ ಶಂಭುಲಿಂಗಪ್ಪ. ನವರಂಗ್ ಹತ್ತಿರ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯ ಮೇಲೆ ಕೂತು ಜನರಿಗೆ ಮನೆಯ ಪ್ಲಾನು ಬರೆದುಕೊಡುವುದು ಅವನ ಕಸುಬು. ಬಸವೇಶ್ವರನಗರದಲ್ಲಿ ಸೈಟು ಸಿಕ್ಕಿ, ಜೋಯಿಸರು ಆಯ ನೋಡಿ ಅಡ್ಡಿಯಿಲ್ಲ ಎಂದ ಮೇಲೆ ವೆಂಕಟಗಿರಿ ದಿನಾ ಸಂಜೆ ಕಾರ್ಖಾನೆಯಿಂದ ಸೀದಾ ಆ ಮಹಡಿ ಹತ್ತುತ್ತಿದ್ದ. ಹತ್ತಿದವನು "ಅಡುಗೆಮನೆ ಒಂದಡಿ ಆ ಕಡೆಗೆ" ಎನ್ನುತ್ತಿದ್ದ. ಶಂಭುಲಿಂಗಪ್ಪ ಅರ್ಧ ಬ್ಲೇಡು ತೆಗೆದುಕೊಂಡು ಟ್ರೇಸಿಂಗ್ ಹಾಳೆಯ ಮೇಲಿನ ಮಸಿಯ ಗೋಡೆಯನ್ನು ಕೆರೆದು ಹಾಕಿ, ಒಂದಡಿ ಆ ಕಡೆಗೆ ಹೊಸ ಗೋಡೆ ಎಳೆಯುತ್ತಿದ್ದ. ಮಾರನೆಯ ಸಂಜೆ ವೆಂಕಟಗಿರಿ ಬಂದು "ಮೊದಲಿದ್ದದ್ದೇ ಚೆನ್ನಾಗಿತ್ತು" ಎನ್ನುತ್ತಿದ್ದ. ಹೀಗೆ ಕೆರೆದು ಕೆರೆದು ಊಟದ ಮನೆಯ ಜಾಗದಲ್ಲಿ ಹಾಳೆ ತೂತು ಬಿದ್ದಿತ್ತು.

"ಸಾರ್, ಇನ್ನೊಂದ್ ಸಲ ಕೆರೆದ್ರೆ ನಿಮ್ಮನೇಲಿ ಊಟಕ್ಕೆ ಕೂತೋರು ಸೀದಾ ಕೆಳಗಿನ ಹಾರ್ಡ್‌ವೇರ್ ಅಂಗಡೀಗೆ ಬೀಳ್ತಾರೆ" ಎಂದು ಶಂಭುಲಿಂಗಪ್ಪ ಎಚ್ಚರಿಸಿದ.

"ಇದೊಂದೇ ಕೊನೇದು. ಹಿಂದುಗಡೆ ಮೂಲೇಲಿ ಒಂದು ಸಣ್ಣ ರೂಮ್ ಹಾಕಿ. ಒಂದು ಕುರ್ಚಿ ಹಿಡಿಸಿದ್ರೆ ಸಾಕು. ಬಾಗಿಲಿಗೆ ಒಳಗಿನಿಂದ ಚಿಲಕ."

"ಯಾಕೆ ಸಾರ್?"

ಹಾಲ್ ಕೇಳಿದಾಗ ಯಾಕೆ ಎನ್ನಲಿಲ್ಲ. ಟಿ.ವಿ. ಇನ್ನೂ ಕೊಂಡಿರಲಿಲ್ಲ, ಆದರೂ ಅದನ್ನು ಇಡುವುದಕ್ಕೊಂದು ಗೂಡು ಕೇಳಿದಾಗ ಆ ಮನುಷ್ಯ ಸಂತೋಷದಿಂದ ಬರೆದಿದ್ದ. ಬರಲಿರುವ ಟಿ.ವಿ.ಗೆ ಸಿಕ್ಕ ಮರ್ಯಾದೆ ಬಂದು ಎದುರಿಗೇ ಕೂತ ಮನುಷ್ಯನಿಗೆ ಸಿಗಲಿಲ್ಲವಲ್ಲ ಎಂದು ವೆಂಕಟಗಿರಿ ಕೆರಳಿದ.

"ನನಗೆ. ನನಗೇ ಒಂದು ರೂಮ್" ಎಂದ.

"ಅದು ಸರಿ ಸಾರ್. ಏನಂತ ಬರೀಲಿ? ಹೆಸರಿಲ್ಲದ ರೂಮ್ ಪ್ಲಾನಲ್ಲಿ ಇರಕ್ಕಾಗಲ್ಲ. ಬೆಡ್‌ರೂಮು, ಪೂಜಾ ರೂಮು, ಸ್ಟೋರು... ಸ್ಟಡಿ ಅಂತ ಹಾಕ್ಲಾ? ಏನಾದ್ರೂ ಓದ್ತೀರಾ?"

"ಪೇಪರ್ ಓದ್ತೀನಿ."

"ಪೇಪರ್‌ಗೆ ಸಿಟ್‌ಔಟ್ ಇದೆಯಲ್ಲ ಸಾರ್."

"ಸಿಟ್‌ಔಟಲ್ಲಿ ಕೂತ್ರೆ ದಾರೀಲಿ ಹೋಗೋರೆಲ್ಲ ಕಾಫಿ ಆಯ್ತಾ ಅಂತ ಕೇಳ್ತಾರೆ ಕಣ್ರೀ! ಓನರ್ಸ್ ರೂಮ್ ಅಂತ ಬರೀರಿ!"

ಶಂಭುಲಿಂಗಪ್ಪ ಹಾಗೇ ಬರೆದ. ಬರೆಯುವಾಗ ಅವನ ಮುಖದಲ್ಲಿ ಸಾವಿನ ಮನೆಗೆ ಬಂದವರ ಮುಖದಲ್ಲಿರುವಂಥ ಒಂದು ಮೃದುತ್ವ ಮೂಡಿತ್ತು. ಇಳಿಯುವಾಗ ಮೆಟ್ಟಿಲವರೆಗೂ ಬಂದು, "ಸಾರ್, ಎಲ್ರ ಮನೇಲೂ ಇದ್ದದ್ದೇ. ಮನಸ್ಸಿಗೆ ಹಚ್ಕೋಬೇಡಿ" ಎಂದ. ಅವನು ಹೇಳಿದ್ದೇನೆಂದು ವೆಂಕಟಗಿರಿಗೆ ಬಸ್ ಸ್ಟಾಪಿನವರೆಗೂ ತಿಳಿಯಲಿಲ್ಲ. ತಿಳಿದಾಗ ವಾಪಸ್ಸು ಹೋಗಿ ಬೈಯೋಣ ಎಂದರೆ ಬಸ್ಸು ಬಂದುಬಿಟ್ಟಿತ್ತು.

ಇಲ್ಲಿ ವೆಂಕಟಗಿರಿಯ ಪರವಾಗಿ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಅವನು ಟೈಮ್ ಆಫೀಸಿನ ಗುಮಾಸ್ತ. ತಡವಾಗಿ ಬಂದು ಅರ್ಧ ದಿನದ ರಜೆ ಕಳೆದುಕೊಂಡವರೆಲ್ಲ ಅವನ ಕಿಟಕಿಗೆ ಬಂದು ಬಡಿದಾಡಬೇಕು. ಸಂಜೆ ಮನೆಗೆ ಬಂದರೆ ಅದು ವಠಾರ. ಒಂದೇ ನಲ್ಲಿ, ಆರು ಬಾಗಿಲು, ತೆಳ್ಳನೆಯ ಗೋಡೆ. ಇವನು ಈಚೆ ಸೀನಿದರೆ ಆಚೆ ಮನೆಯಿಂದ "ಚಿರಂಜೀವಿ" ಎಂಬ ಆಶೀರ್ವಾದ ಬರುತ್ತಿತ್ತು. ಹುಟ್ಟಿದ್ದೂ ಇಂಥದೇ ತುಂಬು ಸಂಸಾರದಲ್ಲಿ. ಬಚ್ಚಲ ಮನೆಯೊಂದನ್ನು ಬಿಟ್ಟರೆ ಅವನು ಒಬ್ಬನೇ ಕೂತದ್ದು ಎಂದು ಯಾವ ಜಾಗವೂ ಇರಲಿಲ್ಲ, ಅಲ್ಲಿಯೂ ಯಾರಾದರೂ ಬಾಗಿಲು ಬಡಿಯುತ್ತಲೇ ಇದ್ದರು. ಇಂಥವನಿಗೆ ತನ್ನದೇ ಮನೆಯಲ್ಲಿ ಒಂದು ಮೂಲೆ ಬೇಕೆನಿಸಿದರೆ ಅದಕ್ಕೆ ಕಾರಣ ಬೇರೆ ಕೊಡಬೇಕೆ?

ಬೇಕು ಎಂದು ವಠಾರ ತೀರ್ಮಾನಿಸಿತು.

ಭಾನುವಾರ ಬೆಳಿಗ್ಗೆ ವೆಂಕಟಗಿರಿ ನೀಲಿ ಪ್ರಿಂಟನ್ನು ನಡುಮನೆಯ ನೆಲದ ಮೇಲೆ ಹರಡಿ, ಹಾರದಂತೆ ನಾಲ್ಕು ಮೂಲೆಗೂ ಪಾವು, ಚಟಾಕು, ಕುಟ್ಟಾಣಿ, ಲಟ್ಟಣಿಗೆ ಹೇರಿ ಕೂತ. ಹೊಸ ಪ್ರಿಂಟಿನ ಅಮೋನಿಯಾ ವಾಸನೆಗೆ ಮೂಗು ಮುಚ್ಚಿಕೊಂಡು ತಾಯಿ ಅಲಮೇಲಮ್ಮ ಬಗ್ಗಿದರು. ಬಚ್ಚಲು ಎಲ್ಲಿ, ದೇವರ ಮನೆ ಎಲ್ಲಿ ಎಂದು ಕೇಳಿ ತಿಳಿದುಕೊಂಡು, ಬೆರಳು ಸರಿಸುತ್ತ ಸರಿಸುತ್ತ ಹಿಂದಿನ ಮೂಲೆಗೆ ಬಂದರು.

"ಇದೇನೋ ಗಿರಿ, ಇಷ್ಟು ಪುಟ್ಟದು?"

"ಅದು ನನ್ನ ರೂಮಮ್ಮ."

"ನಿನ್ನ ರೂಮಾ? ಮಿಕ್ಕಿದ್ದೆಲ್ಲ ಪಕ್ಕದ ಮನೆಯವರದಾ?"

"ಅಲ್ಲಮ್ಮ, ನಾನು ಒಬ್ಬನೇ ಕೂರೋಕೆ. ಒಳಗಿನಿಂದ ಚಿಲಕ ಇರತ್ತೆ."

ಅಲಮೇಲಮ್ಮ ಲಟ್ಟಣಿಗೆಯನ್ನು ಎತ್ತಿಕೊಂಡು ಅಡುಗೆಮನೆಯ ಕಡೆಗೊಮ್ಮೆ ನೋಡಿದರು. ಅಲ್ಲಿ ಸೊಸೆ ಪುಟ್ಟಲಕ್ಷ್ಮಿ ಈರುಳ್ಳಿ ಹೆಚ್ಚುತ್ತಿದ್ದಳು. ಈರುಳ್ಳಿ ಹೆಚ್ಚುವವರ ಕಣ್ಣಲ್ಲಿ ನೀರಿರುವುದು ಸಹಜ. ಆದರೆ ಆ ಗಳಿಗೆಗೆ ಸರಿಯಾಗಿ ಪಕ್ಕದ ಮನೆಯ ಯಶೋದಮ್ಮ ಹೆಪ್ಪಿಗೆಂದು ಲೋಟ ಹಿಡಿದು ಒಳಗೆ ಬಂದವರು ಮೊದಲು ಪ್ಲಾನು ನೋಡಿದರು, ಆಮೇಲೆ ಚಿಲಕದ ಮಾತು ಕೇಳಿದರು, ಕೊನೆಗೆ ಪುಟ್ಟಲಕ್ಷ್ಮಿಯ ಕಣ್ಣು ನೋಡಿದರು. ಹೆಪ್ಪು ತೆಗೆದುಕೊಳ್ಳುವುದನ್ನು ಮರೆತೇ ಹೊರಟುಹೋದರು.

ನಲ್ಲಿಯ ಹತ್ತಿರ ಸುದ್ದಿ ಬೆಳೆಯುವುದಕ್ಕೆ ಬಿಂದಿಗೆ ತುಂಬುವಷ್ಟು ಹೊತ್ತೂ ಬೇಡ. ಗಂಡ ಹೆಂಡತಿಗೆ ಮಾತಿಲ್ಲವಂತೆ ಎಂದರು ಯಶೋದಮ್ಮ. ಮಾತಿಲ್ಲದೆ ಇದ್ದರೆ ರೂಮು ಯಾಕೆ, ಅವರು ಗುಟ್ಟಾಗಿ ಕುಡಿಯುವುದಕ್ಕೇ ಇರಬೇಕು ಎಂದರು ಕೊನೇ ಮನೆಯವರು. ಅವರ ಮುಖದಲ್ಲಿ ಸಂನ್ಯಾಸದ ಕಳೆ ತಾನು ಹೋದ ವರ್ಷವೇ ಕಂಡಿದ್ದೆ ಎಂದು ಮೂರನೆಯವರು ಹೇಳಿದರು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬಲ್ಲಿಗೆ ಎಲ್ಲರೂ ಒಪ್ಪಿದರು. ಸಂಜೆಯ ಹೊತ್ತಿಗೆ ಪುಟ್ಟಲಕ್ಷ್ಮಿಗೆ ಒಂದು ಮನೆಯಿಂದ ಕೋಸಂಬರಿ, ಇನ್ನೊಂದು ಮನೆಯಿಂದ ಒಬ್ಬಟ್ಟು ಬಂತು. ಯಶೋದಮ್ಮ ಅವಳ ಕೈ ಹಿಡಿದುಕೊಂಡು, "ಧೈರ್ಯವಾಗಿರಮ್ಮ. ಗಂಡಸರಿಗೆ ಈ ವಯಸ್ಸಲ್ಲಿ ಹೀಗೇ" ಎಂದರು.

"ಏನೂ ಇಲ್ಲ ಆಂಟಿ" ಎಂದಳು ಪುಟ್ಟಲಕ್ಷ್ಮಿ.

"ಅದೇ ಅಮ್ಮ, ಒಳ್ಳೇ ಮನೆತನದವರು ಹಾಗೇ ಹೇಳೋದು" ಎಂದು ಯಶೋದಮ್ಮ ಕಣ್ಣೊರೆಸಿಕೊಂಡರು.

ವೆಂಕಟಗಿರಿ ಒಬ್ಬಟ್ಟನ್ನು ತಿಂದ, ಆಮೇಲೆ ಅದು ಯಾಕೆ ಬಂತೆಂದು ತಿಳಿದು ಕುದಿದ. ತಿಂದ ಒಬ್ಬಟ್ಟನ್ನು ವಾಪಸ್ಸು ಕೊಡುವಂತಿಲ್ಲ. "ನನ್ನ ಮನೆ, ನನ್ನ ಗೋಡೆ, ನನ್ನ ಚಿಲಕ! ಇವರಪ್ಪನ ಗಂಟೇನು ಹೋಗತ್ತೆ?" ಎಂದು ಹಲ್ಲು ಕಡಿದ. ಗೋಡೆಯಾಚೆಯಿಂದ ಯಾರೋ "ಪಾಪ, ಕೂಗಾಡ್ತಿದಾರೆ" ಎಂದದ್ದು ಕೇಳಿಸಿತು.

ಇಷ್ಟೆಲ್ಲದರ ನಡುವೆ ಯಾಕೆ ಎಂದು ಕೇಳದೆ ಇದ್ದವಳು ಪುಟ್ಟಲಕ್ಷ್ಮಿ ಒಬ್ಬಳೇ. ಅವಳು ಪ್ಲಾನನ್ನು ಮಡಿಸುತ್ತ, ಆ ಮೂಲೆಯ ಮೇಲೆ ಕೈಯಿಟ್ಟು, "ಕಿಟಕಿ ಇದೆಯಾ?" ಎಂದಳು.

"ಇದೆ. ಗಾಳಿ ಚೆನ್ನಾಗಿ ಬರತ್ತೆ."

"ಹೂಂ" ಎಂದಳು. ಲೋಕದಲ್ಲಿ ತನ್ನನ್ನು ಅರ್ಥಮಾಡಿಕೊಳ್ಳುವ ಒಂದು ಜೀವವಾದರೂ ಇದೆಯಲ್ಲ ಎಂದು ವೆಂಕಟಗಿರಿ ಹಿಗ್ಗಿಹೋದ.

ಲೈಸೆನ್ಸು ಕೊಡುವ ಕಚೇರಿಯಲ್ಲಿ ಮೇಜಿನ ಹಿಂದೆ ಕೂತಿದ್ದ ಅಧಿಕಾರಿಗೆ ಇಂಥ ಜೀವವಾಗುವ ಯಾವ ಇರಾದೆಯೂ ಇರಲಿಲ್ಲ. ಅವರು ಪ್ಲಾನಿನ ಮೇಲೆ ಕೆಂಪು ಪೆನ್ಸಿಲ್ ಆಡಿಸುತ್ತ ಹಾಲು, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಒಪ್ಪುತ್ತ ಬಂದು ಮೂಲೆಯಲ್ಲಿ ನಿಂತರು.

"ಓನರ್ಸ್ ರೂಮ್. ಏನ್ರೀ ಇದು? ಬಾಡಿಗೆಗೆ ಕೊಡ್ತೀರಾ?"

"ಓನರ್ ರೂಮನ್ನ ಬಾಡಿಗೆಗೆ ಕೊಟ್ರೆ ಅದು ಬಾಡಿಗೆಯೋರ್ ರೂಮ್ ಆಗಲ್ವಾ ಸಾರ್?"

"ನನಗೇ ಲಾಯರ್ ಪಾಯಿಂಟ್ ಹಾಕ್ಬೇಡಿ. ಅಂಗಡಿ ಇಡ್ತೀರಾ? ಹಿಟ್ಟಿನ ಗಿರಣಿ?"

"ಇಲ್ಲ ಸಾರ್. ಕೂರೋಕೆ."

"ಹಾಲ್ ಇದೆಯಲ್ಲ."

"ಹಾಲಲ್ಲಿ ಎಲ್ರೂ ಕೂರ್ತಾರೆ. ಇಲ್ಲಿ ನಾನೊಬ್ಬನೇ ಕೂರ್ತೀನಿ."

"ಕೂತು?"

"ಕೂತು, ಅಷ್ಟೇ ಸಾರ್."

ಅಧಿಕಾರಿ ಕೆಂಪು ಪೆನ್ಸಿಲನ್ನು ಕೆಳಗಿಟ್ಟರು. ಪಕ್ಕದ ಮೇಜಿನವರನ್ನು ಕರೆದರು, ಅವರು ಅವರ ಪಕ್ಕದವರನ್ನು ಕರೆದುಕೊಂಡು ಬಂದರು. ಮೂವರೂ ಪ್ಲಾನಿಗಿಂತ ಹೆಚ್ಚಾಗಿ ವೆಂಕಟಗಿರಿಯನ್ನು ಪರಿಶೀಲಿಸಿದರು. "ನನ್ನ ಸರ್ವೀಸಲ್ಲಿ ಇಂಥ ಕೇಸು ಬಂದಿಲ್ಲ" ಎಂದರು ಹಿರಿಯರು. "ಒಂದು ಕೆಲಸ ಮಾಡಿ. ಸ್ಟೋರ್ ರೂಮ್ ಅಂತ ತಿದ್ದಿಸಿಕೊಂಡು ಬನ್ನಿ, ಈಗಲೇ ಪಾಸ್ ಮಾಡ್ತೀನಿ" ಎಂದರು ಕೆಂಪು ಪೆನ್ಸಿಲಿನ ಅಧಿಕಾರಿ.

"ನಾನೇನ್ ಸಾರ್ ಮುರಿದ ಮಂಚವಾ, ಸ್ಟೋರಲ್ಲಿಡೋಕೆ?" ಎಂದು ವೆಂಕಟಗಿರಿ ಸಿಡಿದುಬಿಟ್ಟ.

ಕಚೇರಿಯಲ್ಲಿ ಕೋಪ ಮಾಡಿಕೊಂಡವರ ಕಾಗದ ಎಲ್ಲಿ ಹೋಗುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಅವನ ಪುಣ್ಯವೋ ಏನೋ, ಅಧಿಕಾರಿಗೆ ಆ ಹೊತ್ತಿಗೆ ಮದುವೆಯ ಊಟವೊಂದಕ್ಕೆ ಹೊತ್ತಾಗುತ್ತಿತ್ತು. "ಮನೇಲಿ ಹೊಂದಿಕೊಂಡು ಹೋಗ್ರೀ. ಮನೆ ಕಟ್ಟೋ ಕಾಲಕ್ಕೆ ಮನಸ್ತಾಪ ಒಳ್ಳೇದಲ್ಲ" ಎಂದು ಉಪದೇಶಿಸಿ ಅವರು ಮೊಹರು ಒತ್ತಿಯೇ ಎದ್ದರು. ಕೆಲಸ ಆಯಿತಲ್ಲ ಎಂದು ಬೇರೆಯವನಾಗಿದ್ದರೆ ಸಂತೋಷಪಡುತ್ತಿದ್ದ. ವೆಂಕಟಗಿರಿ ಮಾತ್ರ ಆ ಉಪದೇಶವನ್ನು ಹಲ್ಲಿಗೆ ಸಿಕ್ಕಿದ ಕಲ್ಲಿನಂತೆ ಮನೆಯವರೆಗೂ ಕಡಿದುಕೊಂಡು ಬಂದ.

ಗುದ್ದಲಿ ಪೂಜೆಯಾಯಿತು. ಪಾಯ ತೆಗೆಯುವ ಮೊದಲು ಮೇಸ್ತ್ರಿ ಮುನಿಯಣ್ಣ ಹಗ್ಗ ಹಿಡಿದು, ಗೂಟ ಹೊಡೆದು, ಪ್ಲಾನಿನಲ್ಲಿದ್ದಂತೆ ಸೈಟಿನ ಮೇಲೆ ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ಗೀಚಿದ. ಎಲ್ಲ ಮನೆಗಳಿಗೂ ಹಾಗೆಯೇ ಮಾಡುವುದು. ಯಜಮಾನ ಬಂದು ಒಂದು ಸುತ್ತು ಹಾಕಿ, ತಲೆಯಾಡಿಸಿ ಹೋಗುತ್ತಾನೆ, ಮರುದಿನ ಅಗೆಯುತ್ತಾರೆ. ವೆಂಕಟಗಿರಿ ಸುತ್ತು ಹಾಕಿ ಹೋಗಲಿಲ್ಲ. ಇನ್ನೂ ತಿದ್ದುವುದು ಏನಾದರೂ ಇದ್ದರೆ ಈಗಲೇ ಕಾಣಬೇಕು, ಆದ್ದರಿಂದ ವಾರವಿಡೀ ಅಗೆಯಬೇಡ ಎಂದು ಅಪ್ಪಣೆ ಕೊಡಿಸಿದ. ದಿನಾ ಸಂಜೆ ಬಂದು, ಮುಂಬಾಗಿಲೆಂದು ಬಿಟ್ಟ ಜಾಗದಲ್ಲಿ ಚಪ್ಪಲಿ ಕಳಚಿ, ಒಳಗೆ ಹೋಗಿ ವಾಸಿಸತೊಡಗಿದ.

ವಾಸಿಸುವುದೆಂದರೆ ಸುಮ್ಮನೆಯೆ? ಸೈಟಿನ ಪಕ್ಕದ ಮನೆಯ ಗೋಪೀನಾಥ ಎಂಬಾತ ಇಷ್ಟು ವರ್ಷ ಖಾಲಿ ಸೈಟನ್ನು ತನ್ನ ಹಿತ್ತಿಲೆಂದೇ ತಿಳಿದಿದ್ದವನು. ಅವನು ಸಂಡಿಗೆಯ ಮೊರ ಹಿಡಿದುಕೊಂಡು, ಲುಂಗಿ ಮೇಲೆ ಕಟ್ಟಿ, ಅಡುಗೆಮನೆಯ ಗೋಡೆಯನ್ನು ಹಾದು, ಬಚ್ಚಲಿನ ಮೂಲಕ ನಡುಮನೆಗೆ ಬಂದುಬಿಟ್ಟ.

"ರೀ! ರೀ ಸ್ವಾಮಿ! ಗೋಡೆ ಕಣ್ರೀ ಅದು!" ಎಂದು ವೆಂಕಟಗಿರಿ ಅರಚಿದ.

ಗೋಪೀನಾಥ ಬೆಚ್ಚಿ ಒಂದು ಕಾಲು ಎತ್ತಿಕೊಂಡು ನಿಂತ. "ಎಲ್ಲಿ?"

"ನಿಂತಿರೋದೇ ಗೋಡೆ ಮೇಲೆ! ಬರೋದಾದ್ರೆ ಬಾಗಿಲಲ್ಲಿ ಬನ್ನಿ. ಮನೆ ಅಂದ್ರೆ ಮರ್ಯಾದೆ ಇಲ್ವಾ?"

ಗೋಪೀನಾಥ ಸಾಧು ಮನುಷ್ಯ. ಬಂದ ದಾರಿಯಲ್ಲೇ ಹಿಮ್ಮುಖವಾಗಿ ಹೋಗಿ, ರಸ್ತೆಗೆ ಸುತ್ತು ಹಾಕಿ, ಮುಂಬಾಗಿಲಿಗೆ ಬಂದು ನಿಂತು "ಬರಬಹುದಾ?" ಎಂದ. ಸಂಡಿಗೆಯನ್ನು ಹಾಲ್‌ನಲ್ಲಿ ಇಳಿಬಿಸಿಲಿಗೆ ಹರಡಿದ. ಅಂದಿನಿಂದ ಆ ಬೀದಿಯ ಜನ ಸೈಟಿನ ಮುಂದೆ ಹಾಯುವಾಗ ಹೆಜ್ಜೆ ನಿಧಾನ ಮಾಡತೊಡಗಿದರು. ಅಡ್ಡಡ್ಡ ಓಡಾಡುತ್ತಿದ್ದ ಒಂದು ಎಮ್ಮೆ ಮಾತ್ರ ಕೊನೆಯವರೆಗೂ ದಾರಿಗೆ ಬರಲಿಲ್ಲ.

ಸುತ್ತೆಲ್ಲ ತಿರುಗಿದ ಮೇಲೆ ವೆಂಕಟಗಿರಿ ಹಿಂದಿನ ಮೂಲೆಗೆ ಹೋಗಿ, ತನ್ನ ರೂಮಿನಲ್ಲಿ, ಪಾಯಕ್ಕೆಂದು ತರಿಸಿದ್ದ ಒಂದು ಸೈಜುಗಲ್ಲಿನ ಮೇಲೆ ಕೂರುತ್ತಿದ್ದ. ಕಾಮಾಕ್ಷಿಪಾಳ್ಯದ ಕಡೆಯ ಹೊಗೆಯ ಮೇಲೆ ಸೂರ್ಯ ಇಳಿಯುತ್ತಿದ್ದ. ಯಾರೂ ಹಾಜರಿ ಕಾರ್ಡು ಚಾಚುತ್ತಿರಲಿಲ್ಲ. ಮೊದಲ ದಿನ ಹೀಗೆ ಕೂತಿದ್ದಾಗ ಮುನಿಯಣ್ಣ ಬಂದು, ಗೌರವದಿಂದ ತಲೆಯ ಟವೆಲು ಬಿಚ್ಚಿ ಕೇಳಿದ.

"ಸಾರ್, ಬೇಜಾರ್ ಮಾಡ್ಕೋಬ್ಯಾಡಿ. ಇಲ್ಲಿಗೆ ಪೈಪ್ ತೋರ್ಸೇ ಇಲ್ವಲ್ಲ. ಇದು ಲೆಟ್ರೀನ್ ಅಲ್ವಾ?"

"ಏನಂದೆ?"

"ಮತ್ತೆ ಒಳಗಿಂದ ಚಿಲಕ ಅಂದ್ರಲ್ಲ ಸಾರ್."

ವೆಂಕಟಗಿರಿ ಎದ್ದು ನಿಂತ. ಒಬ್ಬ ಮಾನವಂತ ಬಾಗಿಲು ಹಾಕಿಕೊಂಡು ಕೂರಬಹುದಾದ ಜಾಗ ಈ ನಾಡಿನಲ್ಲಿ ಕಕ್ಕಸು ಒಂದೇ ಏನು ಎಂದು ಅವನು ಕೇಳಿದ ಪ್ರಶ್ನೆ ಗೋಪೀನಾಥನ ಮಹಡಿಯವರೆಗೂ ಕೇಳಿಸಿತು. ಮುನಿಯಣ್ಣ ಯೋಚಿಸಿ ನೋಡಿ, ತನಗೆ ತಿಳಿದ ಮಟ್ಟಿಗೆ ಹೌದು ಎಂದ.

ಅಷ್ಟರಲ್ಲಿ ಸುದ್ದಿ ಕೆಂಗೇರಿ ಮುಟ್ಟಿತ್ತು. ಅಲ್ಲಿ ಪುಟ್ಟಲಕ್ಷ್ಮಿಯ ತಂದೆ ಕೃಷ್ಣಯ್ಯನವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾಗಿ ನೆಲೆಸಿದ್ದರು. ಯಶೋದಮ್ಮನ ತಂಗಿ ಅವರ ಬೀದಿಗೇ ಸೊಸೆಯಾಗಿ ಹೋದವಳು. ರಾಜಾಜಿನಗರದ ವಠಾರದಲ್ಲಿ "ಮಾತಿಲ್ಲವಂತೆ" ಎಂದಿದ್ದದ್ದು ಮೈಸೂರು ರಸ್ತೆ ಹಿಡಿದು ದೀಪಾಂಜಲಿ ನಗರ ದಾಟುವ ಹೊತ್ತಿಗೆ "ಬೇರೆ ಇರ್ತಾರಂತೆ" ಆಗಿ, ಕೆಂಗೇರಿಯಲ್ಲಿ ಇಳಿಯುವಾಗ "ಅಳಿಯ ಹಿತ್ತಿಲಲ್ಲಿ ಬೇರೆ ಮನೆ ಮಾಡಿದ್ದಾರೆ" ಎಂದಾಗಿತ್ತು. ಕೃಷ್ಣಯ್ಯನವರು ಊಟ ಅರ್ಧಕ್ಕೆ ಬಿಟ್ಟೆದ್ದರು.

ಭಾನುವಾರ ಅವರು ಕೊಡೆ ಹಿಡಿದು ವಠಾರಕ್ಕೆ ಬಂದು, ಕಾಫಿ ಮುಟ್ಟದೆ ಕೂತರು. ಇಲ್ಲಿ ಗೋಡೆಗಳಿಗೆ ಕಿವಿಯಿದೆ, ಮಾತಾಡುವುದಿದ್ದರೆ ಸೈಟಿನಲ್ಲಿ ಮಾತಾಡೋಣ ಎಂದರು. ಅಲ್ಲಿ ಗೋಡೆಗಳೇ ಇಲ್ಲ ಎಂಬುದನ್ನು ಯಾರೂ ಜ್ಞಾಪಿಸಲಿಲ್ಲ. ಅಲಮೇಲಮ್ಮ ಹೊರಟರು, ಪುಟ್ಟಲಕ್ಷ್ಮಿ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಹೊರಟಳು. ಸೈಟನ್ನು ಒಂದು ಸಲ ನೋಡಿಬರುತ್ತೇನೆ ಎಂದು ಯಶೋದಮ್ಮನೂ ಚಪ್ಪಲಿ ಮೆಟ್ಟಿಕೊಂಡರು.

ಸುಣ್ಣದ ಹಾಲ್‌ನಲ್ಲಿ, ಸಂಡಿಗೆಯನ್ನು ಒಂದು ಪಕ್ಕಕ್ಕೆ ಸರಿಸಿ, ಪಂಚಾಯಿತಿ ಕೂತಿತು. ಗೋಪೀನಾಥ ಮನೆಯಿಂದ ಎರಡು ಮಡಿಸುವ ಕುರ್ಚಿ ತಂದುಕೊಟ್ಟು, ತಾನೂ ಒಂದು ಇಟ್ಟಿಗೆಯ ಮೇಲೆ ಕೂತ. ಮುನಿಯಣ್ಣ ನಾಳೆ ಅಗೆಯುವುದೋ ಬೇಡವೋ ಎಂದು ಕೇಳಲು ಬಂದಿದ್ದವನು ಅಲ್ಲೇ ನಿಂತ.

"ಅಳಿಯಂದಿರೇ" ಎಂದು ಕೃಷ್ಣಯ್ಯನವರು ಶುರುಮಾಡಿದರು. "ನಾನು ಮೂವತ್ತು ವರ್ಷ ಸಿಗ್ನಲ್ ಕೊಟ್ಟವನು. ಎರಡು ಗಾಡಿ ಒಂದೇ ಹಳೀ ಮೇಲೆ ಬಂದ್ರೆ ಏನಾಗತ್ತೆ ಅಂತ ಬಲ್ಲೆ. ಹೇಳಿಬಿಡಿ. ನನ್ನ ಮಗಳಿಂದ ಏನು ತಪ್ಪಾಗಿದೆ?"

"ಏನೂ ಇಲ್ಲ ಮಾವ."

"ಮತ್ತೆ ಮೈನ್ ಲೈನ್ ಬಿಟ್ಟು ಪಕ್ಕಕ್ಕೊಂದು ಲೂಪ್ ಲೈನ್ ಯಾಕೆ ಹಾಕಿಸ್ತಿದೀರಿ?"

"ಆ ಜಾಗ ದೇವರ ಮನೆಗೆ ಸೇರಿಸಿದ್ರೆ ನಾನು ಕಾಲು ಚಾಚಿ ಪಾರಾಯಣ ಮಾಡಬಹುದು" ಎಂದರು ಅಲಮೇಲಮ್ಮ.

"ದೇವರ ಮುಂದೆ ಯಾಕಮ್ಮ ಕಾಲು ಚಾಚ್ತೀರಾ? ಅಲ್ಲಿ ನಾನು ಬಂದಾಗ ಮಲಗೋಕೆ ಒಂದು ಬರ್ತ್ ಆಗತ್ತೆ" ಎಂದರು ಕೃಷ್ಣಯ್ಯನವರು.

"ಗ್ಯಾಸ್ ಸಿಲಿಂಡರ್ ಇಡೋಕೆ ಹೇಳಿ ಮಾಡಿಸಿದ ಹಾಗಿದೆ" ಎಂದರು ಯಶೋದಮ್ಮ.

"ಆ ರೂಮ್ ಬಿಟ್ರೆ ಒಂದು ಗೋಡೆ ಖರ್ಚೂ ಮಿಗತ್ತೆ ಸಾರ್" ಎಂದ ಮುನಿಯಣ್ಣ. ಗೋಪೀನಾಥ ಬಾಯಿ ತೆರೆದ. ಅವನ ಮನಸ್ಸಿನಲ್ಲಿ ಸಂಡಿಗೆಯಿತ್ತು.

ವೆಂಕಟಗಿರಿಯ ಕಟ್ಟೆ ಒಡೆಯಿತು.

"ನಿಲ್ಸ್ರಿ! ಎಲ್ರೂ ನಿಲ್ಸ್ರಿ! ಇನ್ನೂ ಬರದೇ ಇರೋ ಟಿ.ವಿ.ಗೆ ಗೂಡು ಕೊಟ್ಟೆ, ಯಾರಾದ್ರೂ ಯಾಕೆ ಅಂದ್ರಾ? ಯಾರೂ ಉಪಯೋಗಿಸದ ಬೆಳ್ಳೀ ಲೋಟಕ್ಕೆ ಶೋಕೇಸು, ಯಾಕೆ ಅಂದ್ರಾ? ಚಪ್ಪಲಿಗೆ ಜಾಗ ಇದೆ ಈ ಮನೇಲಿ! ಒರಳಿಗೆ ಜಾಗ ಇದೆ! ಒರಳನ್ನ ನೀನು ಅಲ್ಲಿ ಕೂತು ಏನ್ ಮಾಡ್ತೀಯಾ ಅಂತ ಯಾರೂ ಕೇಳಲಿಲ್ಲ! ನನ್ನ ಕೇಳ್ತಾರೆ! ಆಫೀಸಲ್ಲಿ ಕೇಳ್ತಾರೆ, ಮೇಸ್ತ್ರಿ ಕೇಳ್ತಾನೆ, ನಲ್ಲೀ ಹತ್ರ ಕೇಳ್ತಾರೆ! ಕುಡಿಯೋಕಲ್ಲ, ಸಂನ್ಯಾಸಕ್ಕಲ್ಲ, ಜಗಳ ಆಗಿಲ್ಲ! ಏನೂ ಮಾಡೋಕಲ್ಲ! ಸುಮ್ನೆ ಬಾಗಿಲು ಹಾಕ್ಕೊಂಡು ಒಬ್ನೇ ಕೂರೋಕೆ! ಒಬ್ಬ ಮನುಷ್ಯ ಸುಮ್ನೆ ಕೂರಬಾರದೇನ್ರೀ?"

ಕುಡಿಯುವುದಕ್ಕೆ ಎಂದಿದ್ದರೆ ಬೈಯಬಹುದಿತ್ತು. ಜಗಳ ಎಂದಿದ್ದರೆ ರಾಜಿ ಮಾಡಿಸಬಹುದಿತ್ತು. ಸುಮ್ಮನೆ ಕೂರುತ್ತೇನೆ ಎನ್ನುವ ಗೃಹಸ್ಥನನ್ನು ಏನು ಮಾಡಬೇಕೆಂದು ಯಾವ ಪಂಚಾಯಿತಿಗೆ ತಾನೇ ಗೊತ್ತು? ಅಲಮೇಲಮ್ಮ ದೃಷ್ಟಿ ತೆಗೆಸಬೇಕು ಎಂದು ಗೊಣಗಿದರು. ಕೃಷ್ಣಯ್ಯನವರು ಬಹಳ ಹೊತ್ತು ಕೊಡೆಯ ತುದಿಯಿಂದ ನೆಲ ಕುಟ್ಟಿ, ಕೊನೆಗೆ ಒಂದು ದಾರಿ ಕಂಡುಕೊಂಡರು.

"ನಾವು ಹೇಳಿ ಪ್ರಯೋಜನ ಇಲ್ಲ. ಸಂಸಾರ ಮಾಡೋಳು ಅವಳು. ಅವಳು ಬೇಡ ಅಂದ್ರೆ ಬೇಡ. ಒಪ್ತೀರಾ ಅಳಿಯಂದಿರೇ?"

ಯಾಕೆ ಎಂದು ಕೇಳದವಳು ಅವಳೊಬ್ಬಳೇ. ಅವಳಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? "ಒಪ್ಪಿದೆ!" ಎಂದು ವೆಂಕಟಗಿರಿ ಎದೆ ಸೆಟೆಸಿದ. "ಅವಳು ಹೇಳಿದ್ದೇ ಕೊನೆ. ನಾಳೆ ಮುನಿಯಣ್ಣ ಹಾಗೇ ಅಗೀಲಿ."

ಎಲ್ಲರೂ ಅಡುಗೆಮನೆಯ ಕಡೆಗೆ ತಿರುಗಿದರು. ಪುಟ್ಟಲಕ್ಷ್ಮಿ ಅಲ್ಲಿ ಸುಣ್ಣದ ಗೆರೆಯೊಳಗೆ ಕುಕ್ಕರಗಾಲಲ್ಲಿ ಕೂತು, ಫ್ಲಾಸ್ಕಿನಿಂದ ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದಳು. ಹೊಸ ಮನೆಯಲ್ಲಿ ಎಲ್ಲರೂ ಎಲ್ಲೆಲ್ಲೋ ಕೂತಿದ್ದರು, ಅವಳು ಮಾತ್ರ ಅಡುಗೆಮನೆಯಲ್ಲಿಯೇ ಕೂತಿದ್ದಳು.

"ಪುಟ್ಟೂ, ನೀನು ಹೇಳಮ್ಮ. ಯಾರಿಗೂ ಹೆದರಬೇಡ. ಆ ರೂಮ್ ಬೇಕಾ, ಬೇಡ್ವಾ?"

ಪುಟ್ಟಲಕ್ಷ್ಮಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.

"ಬೇಕು" ಎಂದಳು.

"ನೋಡಿ! ಕೇಳಿಸ್ತಾ? ಎಲ್ರಿಗೂ ಕೇಳಿಸ್ತಾ?" ವೆಂಕಟಗಿರಿ ಚಪ್ಪಾಳೆ ತಟ್ಟಿಬಿಟ್ಟ. "ಯಶೋದಮ್ಮನವರೇ, ನಿಮಗೆ ಕೇಳಿಸ್ತಾ? ನಲ್ಲೀ ಹತ್ರ ಇದನ್ನೂ ಹೇಳಿ!"

ಎಲ್ಲರೂ ಪುಟ್ಟಲಕ್ಷ್ಮಿಯನ್ನು ನೋಡುತ್ತಿದ್ದರು. ಅವಳು ಕಾಫಿಯ ಲೋಟಗಳನ್ನು ಅಲ್ಲೇ ನೆಲದ ಮೇಲೆ ಬಿಟ್ಟು, ಒಂದನ್ನು ಮಾತ್ರ ಕೈಯಲ್ಲಿ ಹಿಡಿದು ಎದ್ದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಹೊರಬಂದು, ನಡುಮನೆ ಹಾದು, ಯಾವ ಗೋಡೆಯನ್ನೂ ತುಳಿಯದೆ, ಹಿಂದಿನ ಮೂಲೆಯ ಬಾಗಿಲಿನಿಂದ ಒಳಗೆ ಹೋದಳು. ಒಳಗೆ ತಿರುಗಿ ನಿಂತು, ಎಡಗೈಯಲ್ಲಿ ಗಾಳಿಯನ್ನು ತಳ್ಳಿ, ಮೇಲೆ ಕೈಯೆತ್ತಿ ಏನನ್ನೋ ಸರಿಸಿದಳು. ಸೈಜುಗಲ್ಲಿನ ಮೇಲೆ ಎಲ್ಲರಿಗೂ ಬೆನ್ನು ಹಾಕಿ ಕೂತಳು. ಸೆರಗನ್ನು ಮಡಿಲಿಗೆ ಎಳೆದುಕೊಂಡು ತನ್ನ ಕಾಫಿ ಕುಡಿಯತೊಡಗಿದಳು. ಮದುವೆಯಾದಂದಿನಿಂದ ಅವಳು ಕಾಫಿಯನ್ನು ಬಿಸಿಯಿರುವಾಗ ಕುಡಿದದ್ದನ್ನು ವೆಂಕಟಗಿರಿ ನೋಡಿರಲಿಲ್ಲ.

ಸ್ವಲ್ಪ ಹೊತ್ತು ಎಲ್ಲರೂ ಕಾದರು. ಅವಳು ಹೊರಗೆ ಬರಲಿಲ್ಲ.

ವೆಂಕಟಗಿರಿ ಆ ಬಾಗಿಲಿನವರೆಗೆ ಹೋದ. ಸುಣ್ಣದ ಗೆರೆ ಅಂಗೈ ಅಗಲವೂ ಇರಲಿಲ್ಲ. ದಾಟಲು ಕಾಲೆತ್ತಿದರೆ ಸಾಕಿತ್ತು, ಆದರೆ ಕಾಲು ಏಳಲಿಲ್ಲ. ನನ್ನ ರೂಮು, ನನ್ನ ಕಲ್ಲು, ನನ್ನ ಗಾಳಿ ಎಂದು ಅವನ ಹೊಟ್ಟೆಯಲ್ಲಿ ಒಂದು ಕೋಪ ಎದ್ದು, ಗಂಟಲಿಗೆ ಬಂದು, ಮಾತಾಗಿ ನಾಲಿಗೆಯ ತುದಿಯಲ್ಲಿ ನಿಂತಿತು. ಆ ಮಾತು ಯಾವುದೆಂದು ನೋಡಿದರೆ ಅದು "ಯಾಕೆ?" ಎಂಬುದೇ ಆಗಿತ್ತು. ವೆಂಕಟಗಿರಿ ಅದನ್ನು ಕಹಿ ಕಷಾಯದಂತೆ ನುಂಗಿಕೊಂಡ. ಅವನ ಕಿವಿ ಕೆಂಪಾಯಿತು.

ಹಿಂದಿನಿಂದ ಕೃಷ್ಣಯ್ಯನವರು ಬಂದರು. ಅವರ ಹಿಂದೆ ಅಲಮೇಲಮ್ಮ, ಯಶೋದಮ್ಮ, ಮುನಿಯಣ್ಣ, ಗೋಪೀನಾಥ.

"ಏನಂತೆ ಅಳಿಯಂದಿರೇ? ಯಾಕಂತೆ? ಒಳಗೆ ಕೂತು ಏನ್ ಮಾಡ್ತಾಳಂತೆ?"

ಇದುವರೆಗೆ ಬಂದ ಕೋಪಗಳೆಲ್ಲ ಒಗ್ಗರಣೆಯ ಸಾಸಿವೆ ಎನ್ನುವಂಥ ಒಂದು ಕೋಪ ಆಗ ವೆಂಕಟಗಿರಿಗೆ ಬಂತು. ಅವನು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ.

"ಯಾಕೆ ಅಂತ ಕೇಳೋಕೆ ನೀವ್ಯಾರ್ರೀ? ಅವಳು ಏನಾದ್ರೂ ಮಾಡ್ಲಿ, ಮಾಡದೇ ಇರ್ಲಿ! ಬಾಗಿಲು ಹಾಕಿದೆ ಅಂತ ಕಣ್ಣಿಗೆ ಕಾಣಲ್ವಾ? ಮಾವ, ಹಿಂದಕ್ಕೆ ಹೋಗಿ, ಗೋಡೆ ತುಳೀತಿದೀರಿ! ಅಮ್ಮ, ನಿನಗೂ ಹೇಳ್ತಿದೀನಿ! ಒಂದು ಹೆಣ್ಣುಮಗಳು ಒಂದು ಲೋಟ ಕಾಫಿ ಕುಡಿಯೋವರೆಗೂ ಸುಮ್ನಿರೋಕಾಗಲ್ವೇನ್ರೀ ನಿಮಗೆ? ಮುನಿಯಣ್ಣ, ನಾಳೆ ಅಗಿ! ಇದ್ದದ್ದು ಇದ್ದ ಹಾಗೇ ಅಗಿ! ಈ ಗೋಡೇಲಿ ಒಂದಿಂಚು ಆ ಕಡೆ ಈ ಕಡೆ ಆದ್ರೆ ನೋಡು..."

"ರೀ" ಎಂದಳು ಒಳಗಿನಿಂದ ಪುಟ್ಟಲಕ್ಷ್ಮಿ, ತಿರುಗದೆ.

"ಏನೇ?"

"ಸ್ವಲ್ಪ ಆ ಕಡೆ ಹೋಗಿ ಕೂಗಾಡಿ. ಒಳಗೆಲ್ಲ ಕೇಳಿಸ್ತಿದೆ."

ವೆಂಕಟಗಿರಿ ಬಾಯಿ ಮುಚ್ಚಿದ. ತುಟಿಯ ಮೇಲೆ ಬೆರಳಿಟ್ಟು, ಮಾವನನ್ನೂ ಮಿಕ್ಕವರನ್ನೂ ಕುರಿಗಳ ಹಾಗೆ ಮುಂದೆ ಹಾಕಿಕೊಂಡು, ನಡುಮನೆ ದಾಟಿಸಿ, ಮುಂಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದ. ರಸ್ತೆಗೆ ಬಂದ ಮೇಲೆ ಚಪ್ಪಲಿ ಮೆಟ್ಟಿಕೊಂಡು, ಅಲ್ಲಿ ನಿಂತು ಮಿಕ್ಕದ್ದನ್ನು ಕೂಗಾಡಿದ.